ಕಾಶಪ್ಪನ ಕಂಬಳಿ

ರನ್ನ ಬೆಳಗಲಿಯ ಜಕ್ಕಪ್ಪ ಕಂಬಳಿ ನೇಯುವವನು. ಅವನನ್ನು ಜಪಾನಿನ ಕರಕುಶಲ ಮೇಳಕ್ಕೆ ಕರೆದುಕೊಂಡು ಹೋದವಳು ನಾನೇ, ಜಮಖಂಡಿಯ ಉಣ್ಣೆ ಸಂಸ್ಥೆಯ ಕೇತಕಿ. ಪುಣ್ಯಕ್ಕೇನಲ್ಲ. ಮೂರು ವರ್ಷದ ಹಿಂದೆ ತೀರಿಕೊಂಡ ಅವನ ತಂದೆ ಕಾಶಪ್ಪ ತಾನೇ ನೇಯ್ದು ಹೊದ್ದಿದ್ದ ಕರಿಕಂಬಳಿಯ ಮೇಲೆ ನನ್ನ ಕಣ್ಣಿತ್ತು. ನೀರು ಸುರಿದರೂ ಒಳಗಿಳಿಯದ ನೇಯ್ಗೆ. ನಮ್ಮ ಸಂಗ್ರಹಾಲಯಕ್ಕೆ ಕೊಡು ಎಂದು ಬೆನ್ನು ಹತ್ತಿದ್ದೆ. "ನೋಡೋಣ್ರಿ ಬಾಯಾರ" ಎನ್ನುವುದರಾಚೆ ಅವನು ಹೋಗಿರಲಿಲ್ಲ. ಹಳೆಯ ಬಟ್ಟೆಯನ್ನು ಹೊರಗಿನವರು ಹೇಗೆ ಕಾಪಾಡುತ್ತಾರೆಂದು ಕಂಡರೆ ಒಪ್ಪಿಯಾನು ಅಂದುಕೊಂಡೆ.

ಅಲ್ಲಿಯ ಒಂದು ಸಂಗ್ರಹಾಲಯದಲ್ಲಿ ಹಳೆಯ ಸರದಾರ ಮನೆತನದ ಕತ್ತಿ, ಚಹಾದ ಬಟ್ಟಲು, ಮುಖವಾಡಗಳನ್ನೆಲ್ಲ ಜೋಡಿಸಿಟ್ಟಿದ್ದರು. ಜಕ್ಕಪ್ಪ ಸಂತೆಯಲ್ಲಿ ಕುರಿ ನೋಡುವಂತೆ ನೋಡುತ್ತ ಬಂದ. ಕೊನೆಯ ಕೋಣೆ ಮಬ್ಬು, ತಣ್ಣಗೆ. ಗಾಜಿನೊಳಗೆ ಸರದಾರನ ನಿಲುವಂಗಿ ಎರಡೂ ತೋಳು ಚಾಚಿ ನಿಂತಿತ್ತು.

"ತೊಟ್ಟಾಂವ ಎಲ್ಲಿ ಅದಾನ್ರಿ?"

"ಸತ್ತು ಮುನ್ನೂರು ವರ್ಷ ಆತು."

"ಅಂಗಿ ಕೊಟ್ಟು ಕಳಸಲಿಲ್ಲೇನ್ರಿ ಅಂವಗ?"

ನಾನು ನಕ್ಕೆ. ಅವನು ನಗಲಿಲ್ಲ. ಚಪ್ಪಲಿ ಬಿಟ್ಟು, ಹೆಗಲ ಮೇಲಿದ್ದ ತನ್ನ ಕಂಬಳಿಯನ್ನು ಗಾಜಿನ ಮುಂದೆ ಹಾಸಿ, ಚೀಲದಿಂದ ದೇವರ ಭಂಡಾರ ತೆಗೆದು ಎರಚಿಯೇಬಿಟ್ಟ. ಹೊಳೆಯುವ ನೆಲದ ತುಂಬ ಅರಿಷಿಣ. ಕಾವಲುಗಾರ್ತಿ ಓಡಿಬಂದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಜಕ್ಕಪ್ಪನನ್ನು ಬಾಯಿಗೆ ಬಂದಂತೆ ಬೈದೆ.

"ಬಾಯಾರ, ನಮ್ಮ ಮನಿತನದಾಗ ಸತ್ತವ್ರನ್ನ ಅವರ ಕಂಬಳಿ ಹೊಚ್ಚೇ ಮಣ್ಣ ಮಾಡತೇವ್ರಿ. ನಾ ಆಸೆಬುರುಕ, ನಮ್ಮಪ್ಪನ ಕಂಬಳಿ ಇಟಗೊಂಡೆ. ಸಂತ್ಯಾಗಿಂದು ಹೊಚ್ಚಿ ಕಳಿಸಿದೆ. ಅವತ್ತಿನಿಂದ ಮಗ್ಗದಾಗ ಕುಂತ್ರ ಹಿಂದಿಂದ ಕೆಮ್ಮತಾನ್ರಿ. ಥಂಡಿ ಹತ್ತೈತಿ ಅಂವಗ."

ಆ ಕೋಣೆಯ ಚಳಿ ಆಗ ನನ್ನ ಬೆನ್ನಿಗೂ ತಾಗಿತು. ಖಾಲಿ ತೋಳುಗಳತ್ತ ಮತ್ತೆ ನೋಡುವ ಧೈರ್ಯವಾಗಲಿಲ್ಲ.

ಊರಿಗೆ ಮರಳಿದ ಮರುದಿನವೇ ಜಕ್ಕಪ್ಪ ಹೊಲದಲ್ಲಿದ್ದ ತಂದೆಯ ಸಮಾಧಿ ಬಗೆದು ಕಂಬಳಿಯನ್ನು ಮಣ್ಣಿಗೆ ಕೊಟ್ಟ. ನಾನೂ ಹೋಗಿದ್ದೆ. ಅಂಥ ನೇಯ್ಗೆ ಮಣ್ಣುಪಾಲಾಗುವುದನ್ನು ಕಂಡು ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೂ ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಹೋದ ತಿಂಗಳು ಅವನ ಮನೆಗೆ ಹೋದಾಗ ಹೆಂಡತಿ ಸಿದ್ದಕ್ಕ ಬಾಗಿಲಲ್ಲೇ ಹೇಳಿದಳು, "ಕೆಮ್ಮು ನಿಂತೈತ್ರಿ." ಮುಖದಲ್ಲಿ ಸಂತೋಷವಿರಲಿಲ್ಲ.

ಒಳಗೆ ಜಕ್ಕಪ್ಪ ಮಗ್ಗದಲ್ಲಿ ಕೂತಿದ್ದ. ಒಂದು ಎಳೆ ಹಾಕುತ್ತಿದ್ದ, ಕೈ ತಡೆದು ಕಿವಿಗೊಡುತ್ತಿದ್ದ. ನಾನು ಬಂದದ್ದು ಅವನಿಗೆ ತಿಳಿಯಲಿಲ್ಲ. ಹಿಂದಿನ ಗೋಡೆಯ ಕಡೆ ತಿರುಗಿ ಮೆಲ್ಲಗೆ ಅಂದ:

"ಯಪ್ಪಾ, ಒಮ್ಮೆರ ಕೆಮ್ಮೋ."