ಇಲ್ಲದ ಅಜ್ಜಿಗೆ ಬಂದ ಸ್ವೆಟರ್

ಕೊರೋನಾದ ಗಡಿಬಿಡಿ ಮುಗಿದು ತರಗತಿಗಳು ಮೊದಲಿನಂತೆ ನಡೆಯತೊಡಗಿದ ಎರಡನೆಯ ವರ್ಷ. ಶಿರಸಿಯ ಒಂದು ಪದವಿ ಕಾಲೇಜಿನಲ್ಲಿ ನಾನು ವಾಣಿಜ್ಯ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಬಿಬಿಎ ಐದನೇ ಸೆಮಿಸ್ಟರಿಗೆ ಆ ಸಲ ಹೊಸದೊಂದು ಗ್ರೂಪ್ ಪ್ರಾಜೆಕ್ಟ್ ಇಟ್ಟಿದ್ದೆವು. ಮೂವರು ವಿದ್ಯಾರ್ಥಿಗಳು ಸೇರಿ ಹನ್ನೆರಡು ವಾರಗಳಲ್ಲಿ ಒಂದು ಆನ್‌ಲೈನ್ ಅಂಗಡಿ ಕಟ್ಟಬೇಕು. ನಿಜವಾದ ವಸ್ತುವನ್ನು ನಿಜವಾದ ಗಿರಾಕಿಗಳಿಗೆ ಮಾರಬೇಕು. ಕೊನೆಗೆ ವರದಿ ಬರೆದು ಹೊರಗಿನಿಂದ ಬಂದ ಪರೀಕ್ಷಕರಿಗೆ ಉತ್ತರ ಹೇಳಬೇಕು. ಆ ವರ್ಷ ಒಂಬತ್ತು ಗುಂಪುಗಳಿದ್ದವು. ಎಂಟರ ನೆನಪು ಈಗ ಮಸುಕಾಗಿದೆ.

ಉಳಿದ ಒಂದು ಗುಂಪಿನಲ್ಲಿದ್ದವರು ರೇಖಾ, ಶಬಾನಾ ಮತ್ತು ವಿನಾಯಕ. ರೇಖಾ ದಾಸನಕೊಪ್ಪದವಳು. ಅವಳ ಓಣಿಯಲ್ಲೇ ಇದ್ದ ನೀಲವ್ವ ಎಂಬ ನಲವತ್ತರ ಆಸುಪಾಸಿನ ಹೆಂಗಸು ಮದುವೆ ಮನೆಗಳಿಗೆ ಜೋಳದ ಕಡಕ್ ರೊಟ್ಟಿ ಮಾಡಿಕೊಡುತ್ತಿದ್ದಳು. ಅದನ್ನೇ ಮಾರುವುದೆಂದು ಮೂವರೂ ನಿಶ್ಚಯಿಸಿದರು. ಶಿರಸಿ ಪೇಟೆಯ ಶಬಾನಾ ವೆಬ್‌ಸೈಟ್ ಕಟ್ಟಿದಳು. ಸಿದ್ದಾಪುರ ತಾಲ್ಲೂಕಿನ ಹೇರೂರಿನ ವಿನಾಯಕನಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಮಾರ್ಕೆಟಿಂಗ್ ಅವನ ಪಾಲಿಗೆ ಬಂತು.

ಮೊದಲ ತೊಂದರೆ ಕೊರಿಯರಿನದು. ಕಳಿಸಿದ ಆರು ಕಟ್ಟುಗಳಲ್ಲಿ ನಾಲ್ಕು ಪುಡಿಯಾಗಿ ತಲುಪಿದವು. ಇದಕ್ಕೆ ದಾರಿ ತೋರಿಸಿದವರು ಸರಕಿನ ಗಾಡಿ ಓಡಿಸುತ್ತಿದ್ದ ಶಬಾನಾಳ ತಂದೆ. “ಗಾಜು ಹೆಂಗೆ ಸಾಗಿಸ್ತೀವಿ ಬೇಟಾ? ನಿಲ್ಸಿ. ಮಲಗಿಸಿದ್ರೆ ಒಡೀತದೆ. ರೊಟ್ಟಿನೂ ನಿಲ್ಸಿ, ಅಲುಗದ ಹಂಗೆ ಬಿಗೀರಿ” ಎಂದರಂತೆ. ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಎರಡು ದುಂಡನೆಯ ತುಂಡುಗಳ ನಡುವೆ ರೊಟ್ಟಿ ಬಿಗಿದು ನಿಲ್ಲಿಸಿ ಕಳಿಸಿದ ಮೇಲೆ ಒಡೆಯುವುದು ಬಹುಮಟ್ಟಿಗೆ ನಿಂತಿತು.

ಎರಡನೆಯ ತೊಂದರೆ ಗಿರಾಕಿಗಳದು. ಪುಟ ನೋಡಿದವರಲ್ಲಿ ಎಷ್ಟು ಜನ ಕೊಳ್ಳುತ್ತಾರೆ ಎಂಬುದನ್ನು ನಮ್ಮ ವಿಷಯದಲ್ಲಿ ‘ಕನ್ವರ್ಷನ್’ ಎನ್ನುತ್ತೇವೆ. ಇವರ ಪುಟವನ್ನು ನೋಡುವವರಿದ್ದರು, ಕೊಳ್ಳುವವರು ಮಾತ್ರ ನೆಂಟರು. ಐದನೆಯ ವಾರ ವಿನಾಯಕ ಅಂಗಡಿಯ ಹೆಸರನ್ನು ‘ಅಜ್ಜಿ ರೊಟ್ಟಿ’ ಎಂದು ಬದಲಿಸಿದ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಮುದುಕಿಯ ಫೋಟೋ ಹಾಕಿ, ಕೆಳಗೆ ಒಂದು ಕಥೆ ಬರೆದ: ಎಂಬತ್ತು ದಾಟಿದ ಅಜ್ಜಿ, ಹಿಂದೆ ಮುಂದೆ ಯಾರೂ ಇಲ್ಲ, ಈ ವಯಸ್ಸಿನಲ್ಲೂ ಸೌದೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ.

ಕರಡು ನನ್ನ ಬಳಿ ಬಂದಾಗ ರೇಖಾ ಮೆಲ್ಲಗೆ, “ಮೇಡಂ, ನೀಲವ್ವಕ್ಕನ್ನ ಒಂದ್ ಮಾತು ಕೇಳಬೇಕಲ್ರಿ?” ಎಂದಳು. ಇದು ಬರೀ ಪ್ರಾಜೆಕ್ಟು, ಅಷ್ಟೆಲ್ಲ ಬೇಡ ಎಂದೆ ನಾನು. ಕರಡಿನ ಅಂಚಿನಲ್ಲಿ ‘ಬ್ರ್ಯಾಂಡ್ ಸ್ಟೋರಿ ಬಹಳ ಚೆನ್ನಾಗಿದೆ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಉಳಿದ ಗುಂಪುಗಳಿಗೂ ಮಾದರಿಯೆಂದು ತೋರಿಸಿದೆ. ಮುಂದಿನ ವಾರ ಆರ್ಡರುಗಳು ಒಂಬತ್ತರಿಂದ ನಲವತ್ತೊಂದಕ್ಕೆ ಏರಿದವು.

ಒಂಬತ್ತನೆಯ ವಾರದ ಒಂದು ಬೆಳಿಗ್ಗೆ ನೀಲವ್ವ ಬಸ್ಸಿಳಿದು ನೇರವಾಗಿ ಸ್ಟಾಫ್ ರೂಮಿಗೆ ಬಂದಳು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಕಂಕುಳಲ್ಲಿ ಒಂದು ಪಾರ್ಸೆಲ್ ಇತ್ತು. ರೊಟ್ಟಿಯ ಕಟ್ಟಿನ ಕೊರಿಯರ್ ಚೀಟಿಯಲ್ಲಿದ್ದ ವಿಳಾಸ ಹಿಡಿದು ಯಾರೋ ‘ರೊಟ್ಟಿ ಅಜ್ಜಿ, ದಾಸನಕೊಪ್ಪ’ ಎಂದು ಕಳಿಸಿದ್ದನ್ನು ಪೋಸ್ಟ್‌ಮ್ಯಾನ್ ಅವಳ ಮನೆಗೆ ಮುಟ್ಟಿಸಿದ್ದ. ಒಳಗೆ ಕೈಯಿಂದ ಹೆಣೆದ ಬೂದು ಬಣ್ಣದ ಸ್ವೆಟರ್. ಜೊತೆಗೊಂದು ಕಾಗದ: ‘ಚಳಿಯಲ್ಲಿ ಒಬ್ಬರೇ ಇರುತ್ತೀರಿ ಎಂದು ಓದಿ ಮನಸ್ಸು ತಡೆಯಲಿಲ್ಲ. ತೋಳು ಉದ್ದವಾದರೆ ಮಡಚಿಕೊಳ್ಳಿ.’ ಕಳಿಸಿದವರು ಯಲ್ಲಾಪುರದ ಒಬ್ಬ ಹೆಂಗಸು.

ನೀಲವ್ವನಿಗೆ ಕಾಗದ ಓದಿಹೇಳಿದ ಅವಳ ಮಗಳೇ ಮೊಬೈಲಿನಲ್ಲಿ ಪುಟವನ್ನೂ ತೆಗೆದು ತೋರಿಸಿದ್ದಳು. ನಾನು ಮೂವರನ್ನೂ ಕರೆಸಿದೆ.

“ಅಕ್ಕಾರ, ಈ ಮುದುಕಿ ಯಾರ್ರಿ?” ಎಂದು ನೀಲವ್ವ ನನ್ನನ್ನೇ ಕೇಳಿದಳು. “ನಸುಕಿನ್ಯಾಗ ಎದ್ದು ರೊಟ್ಟಿ ಬಡ್ಯಾಕಿ ನಾನು. ಫೋಟೋದಾಗ ಈಕಿ ಯಾಕ ಕುಂತಾಳ?”

“ಅದು ಜಾಹೀರಾತು ನೀಲವ್ವ, ಜನರಿಗೆ ಇಷ್ಟವಾಗಲಿ ಅಂತ...” ಎಂದೆ.

“ಹಂಗಾರ ನನ್ನ ರೊಟ್ಟಿ ಇಷ್ಟ ಆಗಿದ್ದಿಲ್ಲೇನ್ರಿ?”

ಅವಳು ದನಿ ಏರಿಸದೆ ಮುಂದುವರಿಸಿದಳು: “ಓಣ್ಯಾಗ ಕೇಳಾಕತ್ತಾರ, ಮನ್ಯಾಗ ಯಾವ ಮುದುಕೀನ್ನ ಕೂಡಿಹಾಕಿ ದುಡಸಾಕತ್ತೀಯವ್ವಾ ಅಂತ. ನಾ ಏನಂತ ಹೇಳ್ಲಿ? ನಾಳಿಂದ ರೊಟ್ಟಿ ಇಲ್ರಿ.”

ಗಾಬರಿಯಾದಾಗ ಮಾತ್ರ ಮನೆಮಾತಿಗೆ ಇಳಿಯುವ ವಿನಾಯಕ, “ಮೇಡಂ, ತಪ್ಪು ನಂದು. ಆನೇ ಬರದ್ದು” ಎಂದ. ಬರೆದದ್ದು ಅವನಾದರೂ ಒಪ್ಪಿಗೆ ಕೊಟ್ಟದ್ದು ನಾನು, ರೇಖಾ ಕೇಳಿದಾಗ ಬಾಯಿ ಮುಚ್ಚಿಸಿದವಳೂ ನಾನೇ ಎಂದು ನೀಲವ್ವನ ಎದುರೇ ಹೇಳಿದೆ. ಮೂವತ್ತೆರಡು ವರ್ಷದ ಕೆಲಸದಲ್ಲಿ ವಿದ್ಯಾರ್ಥಿಗಳ ಮುಂದೆ ಹಾಗೆ ನಿಂತದ್ದು ಅದೊಂದೇ ಸಲ. ರೇಖಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಸಂಜೆ ಅವಳು ಹೋಗಬೇಕಾದದ್ದು ಅದೇ ಓಣಿಗೆ.

ಆ ದಿನವೇ ಪುಟ ಮುಚ್ಚಿದೆವು. ಕೊಂಡವರಿಗೆಲ್ಲ, ಅಜ್ಜಿ ಎಂಬವರು ಇಲ್ಲ, ಕಥೆ ನಾವು ಕಟ್ಟಿದ್ದು ಎಂದು ಸಂದೇಶ ಕಳಿಸಿದೆವು. ಕೆಲವರು ಬೈದರು, ಹೆಚ್ಚಿನವರು ಉತ್ತರಿಸಲಿಲ್ಲ. ನೀಲವ್ವ ಬಿಟ್ಟುಹೋಗಿದ್ದ ಸ್ವೆಟರನ್ನು ಮಾತ್ರ ಅಂಚೆಯಲ್ಲಿ ಹಿಂದಿರುಗಿಸಲು ಮನಸ್ಸಾಗದೆ, ಮೂವರನ್ನೂ ಕರೆದುಕೊಂಡು ಶನಿವಾರ ಯಲ್ಲಾಪುರದ ಬಸ್ಸು ಹತ್ತಿದೆ.

ಆಕೆ ಅರವತ್ತರ ಸಮೀಪದವರು. ಒಳಗೆ ಕರೆದು ಕೂರಿಸಿ, ವಿನಾಯಕ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಅದರ ತೋಳನ್ನು ಮಡಚಿದರು, ಬಿಡಿಸಿದರು. “ಮೂರು ವಾರ ಹೆಣೆದೆ” ಎಂದರು. ಆಮೇಲೆ, “ರೊಟ್ಟಿ ಚೆನ್ನಾಗಿತ್ತು. ಅಷ್ಟು ಬರೆದಿದ್ರೆ ಸಾಕಾಗ್ತಿರಲಿಲ್ವಾ?” ಎಂದು ಕೇಳಿದರು. ಚಹಾ ಕೊಟ್ಟರು. ಅವರಿಂದ ಮುಂದೆ ಆರ್ಡರೂ ಬರಲಿಲ್ಲ.

ನೀಲವ್ವ ಒಪ್ಪಿದ್ದು ವಾರ ಕಳೆದ ಮೇಲೆ, ರೇಖಾ ಮೂರು ಸಲ ಹೋಗಿ ಕೇಳಿಕೊಂಡ ಬಳಿಕ. ಅವಳದು ಒಂದೇ ಷರತ್ತು: “ಫೋಟೋದಾಗ ನನ್ನ ಮಾರಿ ಬ್ಯಾಡ, ಹೆಸರು ಹಾಕ್ರಿ. ಮತ್ತ ಏನ್ ಬರದ್ರೂ ಮೊದಲ ನನಗ ಓದಿ ಹೇಳ್ರಿ.” ಹೊಸ ಪುಟದಲ್ಲಿ ರೊಟ್ಟಿಯ ಫೋಟೋ ಇತ್ತು, ಕೆಳಗೆ, ‘ದಾಸನಕೊಪ್ಪದ ನೀಲವ್ವ ಮಾಡಿದ ಜೋಳದ ರೊಟ್ಟಿ. ಆರ್ಡರ್ ಬಂದ ಮೂರನೆಯ ದಿನ ಕಳಿಸುತ್ತೇವೆ’ ಎಂಬ ಎರಡು ಸಾಲು. ಕೊನೆಯ ವಾರ ಬಂದದ್ದು ಏಳು ಆರ್ಡರು.

ವೈವಾದ ದಿನ ಪರೀಕ್ಷಕರು ವರದಿಯ ಗ್ರಾಫಿನ ಮೇಲೆ ಪೆನ್ನಿಟ್ಟು, ಇಲ್ಲಿ ಮಾರಾಟ ಇಷ್ಟೊಂದು ಬೀಳಲು ಏನು ಕಾರಣ ಎಂದು ಕೇಳಿದರು. ಪರೀಕ್ಷೆ ಹತ್ತಿರ ಬಂತು, ಸಮಯ ಸಾಲಲಿಲ್ಲ ಎಂದರೆ ನಂಬುತ್ತಿದ್ದರು. ವಿನಾಯಕ ಒಮ್ಮೆ ಶಬಾನಾಳ ಮುಖ ನೋಡಿ, “ಸುಳ್ಳು ತೆಗೆದ್ವಿ ಸರ್” ಎಂದ. ಪರೀಕ್ಷಕರು ಪೆನ್ನು ಮುಚ್ಚಿ ಪೂರ್ತಿ ಕಥೆ ಕೇಳಿದರು. ಆದರೂ ಮಾರಾಟದ ಅಂಕಗಳಲ್ಲಿ ಆ ಗುಂಪು ಏಳನೆಯದಾಯಿತು. ಅದನ್ನು ಬದಲಿಸುವಂತೆ ನಾನು ಕೇಳಲಿಲ್ಲ, ಆ ಮೂವರೂ ಕೇಳಲಿಲ್ಲ. ಪದವಿ ಮುಗಿದ ಮೇಲೂ ರೇಖಾ ಆ ಪುಟ ನಡೆಸುತ್ತಿದ್ದಾಳೆ.

ಗಿರಾಕಿಗೆ ಏನು ಬೇಕೆಂದು ಮೊದಲು ತಿಳಿಯಿರಿ ಎಂದು ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ವಸ್ತು ಮಾಡಿದವರಿಗೂ ಆ ಮಾರಾಟದಲ್ಲಿ ಒಂದು ಮಾತಿದೆ ಎಂಬುದನ್ನು ಕಲಿತದ್ದು ನಿವೃತ್ತಿಗೆ ಮೂರೇ ವರ್ಷ ಉಳಿದಿದ್ದಾಗ. ಮರುವರ್ಷದಿಂದ ಒಂದು ನಿಯಮ ತಂದೆ: ಪುಟ ಹೊರಬೀಳುವ ಮೊದಲು ಅದನ್ನು ವಸ್ತು ಮಾಡಿದವರೆದುರು ಗಟ್ಟಿಯಾಗಿ ಓದಬೇಕು. ಆ ವರ್ಷದ ಮೊದಲ ಗುಂಪಿನ ಜೊತೆ ಸಿದ್ದಾಪುರದ ಕಡೆಯ ಒಬ್ಬ ಜೇನು ಸಾಕಣೆಗಾರರ ಮನೆಗೆ ಹೋಗಿದ್ದೆ. ಹುಡುಗಿ ಓದುತ್ತ ‘ದಟ್ಟ ಕಾಡಿನ ಜೇನು’ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ತಡೆದರು.

“ಕಾಡಿಂದು ಹೇಳಿ ಬರಿಯದು ಬ್ಯಾಡ ತಂಗಿ. ಜೇನ್ ಪೆಟ್ಗೆ ಇಪ್ಪದು ನಮ್ಮನೆ ಕೊಟ್ಗೆ ಹಿಂದೆ.”

ಅವಳು ನನ್ನ ಮುಖ ನೋಡಿದಳು. ಆ ಮಾತು ಹೊಡೆದು ಹಾಕು ಎಂದೆ.