ತೂತು ಇಲ್ಲೆ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಹಾವೇರಿಯಲ್ಲಿ ಅವ್ವ ಬೈಯುತ್ತಿದ್ದಳು. ಅಂಥವಳನ್ನು ಶಿರಸಿಯ ಆಸ್ಪತ್ರೆಯೊಂದರ ಕತ್ತಲೆ ಕೋಣೆಯಲ್ಲಿ, ಒಂದು ಕಬ್ಬಿಣದ ಕುರ್ಚಿಗೆ, ನನ್ನ ಮಗಳೇ ಕಟ್ಟಿಹಾಕಿದಳು. ಅವಳು ಹುಟ್ಟಿ ಇನ್ನೂ ವಾರ ತುಂಬಿರಲಿಲ್ಲ.

ಗಂಡನಿಗೆ ವರ್ಗವಾಗಿ ನಾವು ಶಿರಸಿಗೆ ಬಂದು ಕೆಲವೇ ತಿಂಗಳಾಗಿತ್ತು. ಹೆರಿಗೆಗೆ ತವರಿಗೆ ಹೋಗಲು ಬ್ಯಾಗು ತುಂಬಿಟ್ಟಿದ್ದೆ. ಮಗಳಿಗೂ ನನ್ನದೇ ಅವಸರ, ಮೊದಲೇ ಬಂದಳು. ಹಾಲು ಕುಡಿಯುವಾಗ ಏದುಸಿರು ಬಿಡುತ್ತಿದ್ದಳು. ಮಕ್ಕಳ ಡಾಕ್ಟರು ಎದೆಬಡಿತ ಕೇಳಿ, ನಡುವೆ ಏನೋ ಸದ್ದಿದೆ, ಹೃದಯದ ಸ್ಕ್ಯಾನ್ ಆಗಲಿ ಎಂದರು. ತೂತಿದ್ದರೆ ಹುಬ್ಬಳ್ಳಿಗೆ ಒಯ್ಯಬೇಕು, ಆಪರೇಷನ್ ಬೇಕಾದೀತು ಎಂದೂ ಹೇಳಿದರು. ಆಮೇಲೆ ಅವರು ಹೇಳಿದ್ದೊಂದೂ ನನ್ನ ತಲೆಗೆ ಹೋಗಲಿಲ್ಲ.

ಮಗು ಅತ್ತರೆ ಚಿತ್ರ ಸರಿಯಾಗಿ ಬರುವುದಿಲ್ಲವಂತೆ. ಹಾಗಾಗಿ ಹಾಲು ಕುಡಿಸಿ ನನ್ನ ತೊಡೆಯ ಮೇಲೇ ಮಲಗಿಸಿಕೊಂಡೆ. ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಬೆಚ್ಚಗಿನ ಜೆಲ್ ಹಚ್ಚಿ, ಅವಳ ಎದೆಯ ಮೇಲೆ ಒಂದು ಪುಟ್ಟ ಹಿಡಿಕೆಯಂಥದ್ದನ್ನು ಇಟ್ಟರು. ನನ್ನ ಕಿರುಬೆರಳು ಅವಳ ಬಾಯಲ್ಲಿತ್ತು. ಎದುರಿನ ಪರದೆಯಲ್ಲಿ ಹೃದಯ ಮುದುಡುತ್ತ ಅರಳುತ್ತ ಇತ್ತು. ಅದು ರಕ್ತವನ್ನು ಎಷ್ಟು ಬಲವಾಗಿ ತಳ್ಳುತ್ತಿದೆ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುವುದಂತೆ. ನನ್ನ ಕಾಲು ಜೋಮು ಹಿಡಿಯಿತು, ಹೆರಿಗೆಯ ಹೊಲಿಗೆ ಎಳೆಯುತ್ತಿತ್ತು. ಅಲುಗುವಂತಿರಲಿಲ್ಲ.

ಡಾಕ್ಟರಮ್ಮ ಪಕ್ಕದಲ್ಲಿದ್ದ ಸಿಸ್ಟರಿಗೆ ಮೆಲ್ಲಗೆ ಹೇಳಿದರು: "ತೂತು ಇಲ್ಲೆ."

ಇಲ್ಲೇ. ಆ ಹಿಡಿಕೆ ಇಟ್ಟಲ್ಲೇ, ನನ್ನ ಕಣ್ಣೆದುರೇ. ಸಿಸ್ಟರ್ ಹೂಂ ಎಂದು ತಲೆಯಾಡಿಸಿದಳು. ಎಷ್ಟು ದೊಡ್ಡದು ಎಂದು ಕೇಳಬೇಕು. ಬಾಯಿ ತೆರೆದರೆ ಮಾತಿನ ಬದಲು ಅಳು ಬರುತ್ತದೆ, ಮಗು ಎದ್ದುಬಿಡುತ್ತದೆ. ನನ್ನನ್ನು ಈ ಊರಿಗೆ ತಂದ ಗಂಡನ ಮೇಲೆ, ಅವನನ್ನು ಬಾಗಿಲ ಹೊರಗೇ ನಿಲ್ಲಿಸಿದವರ ಮೇಲೆ, ಏನೂ ತಿಳಿಯದೆ ನನ್ನ ಬೆರಳು ಚೀಪುತ್ತಿದ್ದ ಮಗಳ ಮೇಲೂ ಸಿಟ್ಟು ಬಂತು. ಅಂಗೈಯಗಲದ ಆ ಎದೆಯನ್ನು ಕೊಯ್ಯುತ್ತಾರಲ್ಲ ಎಂದುಕೊಂಡಾಗ ಕಣ್ಣೀರು ತಡೆಯಲಾಗಲಿಲ್ಲ.

"ಅಳಬೇಡಿ," ಎಂದರು ಡಾಕ್ಟರಮ್ಮ. "ನೀವು ನಡುಗಿದ್ರೆ ಪಾಪುನೂ ಅಲುಗ್ತದೆ."

ಅಳುವುದಕ್ಕೂ ಅಪ್ಪಣೆಯಿಲ್ಲದ ಕುರ್ಚಿ ಅದು. ಹಲ್ಲು ಕಚ್ಚಿ ಕೂತೆ. ಅವರು ಅದೇ ಜಾಗವನ್ನು ತಿರುತಿರುಗಿ ನೋಡಿದಷ್ಟೂ ತೂತು ದೊಡ್ಡದಾಗುತ್ತ ಹೋಯಿತು.

ಕಡೆಗೊಮ್ಮೆ ಜೆಲ್ ಒರೆಸಿದರು. ಅವರು ಬಾಯಿ ತೆರೆಯುವ ಮೊದಲೇ ಕೇಳಿದೆ: "ತೂತು ಎಷ್ಟ ದೊಡ್ಡದೈತ್ರಿ?"

"ಯಾವ ತೂತು?"

"ನೀವ ಅಂದ್ರೆಲ್ರಿ, ತೂತು ಇಲ್ಲೇ ಅಂತ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ಹೊಳೆದದ್ದು ಸಿಸ್ಟರಿಗೆ. "ಅಯ್ಯೋ, ನಮ್ಮಿಬ್ಬರ ಮನೆಮಾತಲ್ಲಿ ಇಲ್ಲೆ ಅಂದ್ರೆ ಇಲ್ಲ ಅಂತ," ಎಂದಳು.

ಹೃದಯ ಗಟ್ಟಿಯಾಗಿದೆ, ಗರ್ಭದಲ್ಲಿದ್ದಾಗಿನ ಒಂದು ಸಣ್ಣ ರಕ್ತನಾಳ ಇನ್ನೂ ಪೂರ್ತಿ ಮುಚ್ಚಿಲ್ಲ, ಸದ್ದು ಅದರದ್ದು, ಅದು ತಾನೇ ಮುಚ್ಚೀತು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಹಾಗೇ ಆಯಿತು ಕೂಡ. ಆ 'ಇಲ್ಲೆ' ನನಗೆ ಹೊಸದೇನಲ್ಲ. ಮನೆ ಮಾಲಕಿಯ ಬಾಯಲ್ಲಿ ದಿನಾ ಕೇಳುತ್ತಿದ್ದೆ. ಆದರೆ ಹೆದರಿದ ಕಿವಿ ತವರಿಗೇ ಓಡುತ್ತದೆ.

ಈಗ ಮಗಳು ದಿನವಿಡೀ ಮಾಲಕಿಯ ಮನೆಯಲ್ಲೇ ಆಡುತ್ತಾಳೆ, ಅವರಂತೆಯೇ ಮಾತಾಡುತ್ತಾಳೆ. ಮೊನ್ನೆ ಅಂಗಳದಲ್ಲಿ ಜಾರಿ ಬಿದ್ದಳು. ಓಡಿಹೋಗಿ ಎತ್ತಿಕೊಂಡು, ನೋವಾತೇನವಾ ಎಂದೆ.

"ಇಲ್ಲೆ," ಎಂದಳು.

ಅವಳು ಬಿದ್ದದ್ದು ಮೊಣಕಾಲ ಮೇಲೆ. ನಾನು ಅಂಗಿ ಎತ್ತಿ ಎದೆ ನೋಡುತ್ತಿದ್ದೆ.