ಶುಕ್ರವಾರ ಗೋಧಿ ಆರಿಸಿದವರು

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಗದಗಿನಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಕರೆತಂದವಳು ನಾನು. ಎಂಬತ್ತರ ದಶಕದ ಮೊದಲ ವರ್ಷಗಳು. ನನಗಿನ್ನೂ ಮದುವೆಯಾಗಿರಲಿಲ್ಲ, ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಬೆಳಗಿನ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಜಗಳಾಡಿ ಜಾಗ ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅಣ್ಣ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಅವನು ಹೆಂಡತಿ ಮಕ್ಕಳೊಂದಿಗೆ ಕಲ್ಯಾಣದಲ್ಲಿದ್ದ, ಹಾಗಾಗಿ ಅದನ್ನು ದಿನಾ ಅನುಭವಿಸುವ ಕಷ್ಟ ಅವನಿಗಿರಲಿಲ್ಲ.

ಬಂದ ಕೆಲವು ತಿಂಗಳಿಗೆ ಅವ್ವ ಮಾತು ಕಡಿಮೆ ಮಾಡಿದಳು. ಆಮೇಲೆ ನಿದ್ದೆ ಬಿಟ್ಟಳು. ರೊಟ್ಟಿ ಬಡಿಯಲು ಕೂತವಳು ಹಿಟ್ಟಿನ ಮೇಲೆ ಕೈಯಿಟ್ಟುಕೊಂಡು ಹಾಗೇ ಇದ್ದುಬಿಡುತ್ತಿದ್ದಳು. ಸಂಜೆ ನಾನು ಬರುವಷ್ಟರಲ್ಲಿ ಹಿಟ್ಟು ಪರಾತದಲ್ಲೇ ಒಣಗಿರುತ್ತಿತ್ತು. ಏನಾಯಿತೆಂದು ಕೇಳಿದರೆ, "ಏನಿಲ್ಲವಾ, ಇಲ್ಲೀ ಹವಾ ಒಗ್ಗವಲ್ದು" ಅನ್ನುತ್ತಿದ್ದಳು.

ಅಣ್ಣನಿಗೆ ಆ ಕಾರಣ ಅನುಕೂಲವಾಯಿತು. ಅವ್ವ ದೀಪಾವಳಿಯೊಳಗೆ ಸುಧಾರಿಸದಿದ್ದರೆ ಗದಗಿನ ಸೋದರಮಾವನ ಮನೆಗೆ ಬಿಟ್ಟುಬರುತ್ತೇನೆ ಎಂದ. ಅಲ್ಲಿ ಅವಳಿಗೆ ಸಿಗುವುದೇನೆಂದು ನನಗೆ ಗೊತ್ತಿತ್ತು: ಹಿಂದಿನ ಕೋಣೆ, ಒಂದು ಚಾಪೆ, ಬಂದುಹೋದವರ ಮುಂದೆಲ್ಲ 'ಆಕೀ ತಲಿ ಸರಿ ಇಲ್ರಿ' ಎಂಬ ಮಾತು. ಒಮ್ಮೆ ಆ ಕೋಣೆ ಸೇರಿದರೆ ಅವ್ವ ಮತ್ತೆ ಹೊರಗೆ ಬರುವವಳಲ್ಲ. ಆ ವರ್ಷ ದೀಪಾವಳಿ ಬರುವುದೇ ಬೇಡ ಎನ್ನಿಸಿತ್ತು ನನಗೆ.

ಡಾಕ್ಟರರಿಗೆ ತೋರಿಸಬಾರದಿತ್ತೆ ಎಂದು ಈಗಿನವರು ಸುಲಭವಾಗಿ ಕೇಳುತ್ತಾರೆ. ದುಡ್ಡಿದ್ದವರು ಮುಂಬಯಿಯ ದಾದರಿಗೆ ಹೋಗಿ, ಇಂಗ್ಲಿಷಿನಲ್ಲಿ ಮಾತಾಡಿ, ಗುಟ್ಟಾಗಿ ಗುಳಿಗೆ ತರುತ್ತಿದ್ದರು. ಉಳಿದವರು 'ತಲೆಯ ಡಾಕ್ಟರು' ಎಂಬ ಮಾತೆತ್ತಿದರೆ ಸಾಕು, ಆ ಮನೆಯ ಹೆಣ್ಣುಮಕ್ಕಳನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಧೈರ್ಯ ಮಾಡಿ ಹೋದರೂ ಮನಸ್ಸಿನೊಳಗಿನದನ್ನು ಮರಾಠಿಯಲ್ಲಿ ಹೇಳಬೇಕು. ಅವ್ವನಿಗೆ ಬರುತ್ತಿದ್ದ ಮರಾಠಿ ಭಾಜಿಯವನೊಂದಿಗೆ ಚೌಕಾಸಿ ಮಾಡುವಷ್ಟು ಮಾತ್ರ.

ಈ ಕಷ್ಟ ನಮ್ಮೊಬ್ಬರದೇ ಆಗಿರಲಿಲ್ಲ. ಸ್ಟೇಷನ್ ಹತ್ತಿರ ಉಡುಪಿ ಕಡೆಯವರ ಒಂದು ಹೋಟೆಲಿತ್ತು. ಅಲ್ಲಿಯ ಅಡುಗೆಯವನೊಬ್ಬ ಗೋಡೆಯ ಜೊತೆ ಮಾತಾಡತೊಡಗಿದ್ದ. ತುಳು ಬಿಟ್ಟರೆ ಬೇರೆ ಭಾಷೆ ಬಾರದ ಅವನು ಡಾಕ್ಟರರ ಮುಂದೆ ಬಾಯಿ ಬಿಡದೆ ವಾಪಸು ಬಂದ. ಹೋಟೆಲಿನ ಯಜಮಾನಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅವರು ಇದನ್ನು ಮನಸ್ಸಿಗೆ ಹಚ್ಚಿಕೊಂಡು ನಮ್ಮ ಕನ್ನಡ ಸಂಘದವರ ಬೆನ್ನು ಹತ್ತಿದರು. ಸಂಘದವರು ಪಕ್ಕದ ಗಲ್ಲಿಯ ಮರಾಠಿ ಮಹಿಳಾ ಮಂಡಳದವರನ್ನು ಕೇಳಿದರು. ಮಂಡಳವನ್ನು ನಡೆಸುತ್ತಿದ್ದವರು ಶಾಲೆಯಿಂದ ನಿವೃತ್ತರಾದ ಒಬ್ಬ ಟೀಚರು; ಮರಾಠಿ ರೂಢಿಯಂತೆ ಎಲ್ಲರೂ ಅವರನ್ನು 'ಬಾಯಿ' ಎನ್ನುತ್ತಿದ್ದರು. ಅವರು ಮುನಿಸಿಪಾಲಿಟಿ ದವಾಖಾನೆಗೆ ಎಡತಾಕಿ, ಅಲ್ಲಿಂದ ಠಾಣೆಯ ಒಬ್ಬ ಮನೋರೋಗದ ಡಾಕ್ಟರರನ್ನು ಒಪ್ಪಿಸಿಕೊಂಡು ಬಂದರು.

ಕೊನೆಗೆ ಒಂದು ಏರ್ಪಾಡಾಯಿತು. ತಿಂಗಳ ಮೊದಲ ಶುಕ್ರವಾರ ಡಾಕ್ಟರು ಬೆಳಿಗ್ಗೆ ನಮ್ಮ ಸಂಘದ ಒಳಕೋಣೆಯಲ್ಲಿ ಹೆಂಗಸರನ್ನು, ಮಧ್ಯಾಹ್ನ ಹೋಟೆಲಿನ ಹಿಂದಿನ ಕೋಣೆಯಲ್ಲಿ ಗಂಡಸರನ್ನು ನೋಡುವುದು. ಔಷಧ ದವಾಖಾನೆಯದು, ಚಹಾ ಹೋಟೆಲಿನದು, ಮರಾಠಿ ಬಾರದವರ ಮಾತನ್ನು ಡಾಕ್ಟರರಿಗೆ ತಿಳಿಸುವ ಕೆಲಸ ನಮ್ಮದು. ನಮ್ಮ ಕಡೆಯ ಕಾರ್ಖಾನೆಗಳಿಗೆ, ನನ್ನ ಕಂಪನಿಗೂ, ಕರೆಂಟು ಉಳಿಸಲೆಂದು ಭಾನುವಾರದ ಬದಲು ಶುಕ್ರವಾರವೇ ವಾರದ ರಜೆ, ಹಾಗಾಗಿ ಆ ದಿನ. ಹೆಂಗಸರು ಬರಲು ಒಂದು ನೆಪವೂ ಬೇಕಿತ್ತು. ಮಂಡಳದವರು ಹೊರಕೋಣೆಯಲ್ಲಿ ಅದೇ ಹೊತ್ತಿಗೆ ಹಳದಿ-ಕುಂಕು ಇಟ್ಟುಕೊಂಡರು. ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಯಾರು ಒಳಗೆ ಹೋದರೆಂದು ಯಾರು ನೋಡುತ್ತಾರೆ? ಈ ಉಪಾಯಕ್ಕೆ ಎಲ್ಲರೂ ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಅಕ್ಕ ಕುಂಕುಮದ ಭರಣಿ ಹಿಡಿದು ನಮ್ಮ ಮನೆಗೂ ಕರೆಯಲು ಬಂದರು. ಭರಣಿ ಕಂಡೊಡನೆ ಅವ್ವ ಎದ್ದು ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತಳು. ಗಂಡ ಸತ್ತವರು ಕುಂಕುಮದ ಎದುರು ಇರಬಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಕ್ಕ ನನ್ನ ಹಣೆಗೆ ಕುಂಕುಮ ಹಚ್ಚಿ, "ಶುಕ್ರವಾರ ಬರಬೇಕು ಆಯ್ತಾ, ಡಾಕ್ಟರು ಇರ್ತಾರೆ" ಎಂದರು.

"ಡಾಕ್ಟರು ಬೇಕಾದಾಕಿ ಅಡಗೀಮನ್ಯಾಗ ನಿಂತಾಳ್ರಿ," ಎಂದೆ. "ಆಕಿನ್ನ ಯಾರು ಕರಿಯಾವ್ರು?"

ನನ್ನ ದನಿ ಪಕ್ಕದ ಮನೆಗೂ ಕೇಳಿಸಿರಬೇಕು. ಅಕ್ಕ ಭರಣಿಯ ಮುಚ್ಚಳ ಹಾಕಿ ಕುರ್ಚಿಯ ಮೇಲೆ ಕೂತರು. "ಹೌದಲ್ಲ ಮಾರಾಯ್ತಿ," ಎಂದರು. "ಇಷ್ಟು ಜನ ಕೂತು ಯೋಚನೆ ಮಾಡಿದ್ದೇವೆ, ಇದು ಒಬ್ಬರಿಗೂ ಹೊಳೀಲಿಲ್ಲ." ಸಮರ್ಥನೆಯ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಅವರ ಮೇಲಿನ ನನ್ನ ಪ್ರೀತಿ ಶುರುವಾದದ್ದು ಅಲ್ಲಿಂದ.

ಮತ್ತೆ ಸಭೆ ಸೇರಿತು. ವಿಧವೆಯರಿಗೆ ಬೇರೆ ದಿನ ಇಡೋಣ ಎಂದರು ನಮ್ಮ ಸಂಘದ ಕಾರ್ಯದರ್ಶಿ. ಆ ದಿನ ಬಂದವರೆಲ್ಲ ಯಾತಕ್ಕೆ ಬಂದರೆಂದು ಊರಿಗೇ ಗೊತ್ತಾಗುತ್ತದಲ್ಲ ಎಂದು ನಾನು ಹರಿಹಾಯ್ದೆ. ಭಜನೆ ಇಡೋಣ ಎಂದರು ಮತ್ತೊಬ್ಬರು. ಕನ್ನಡದ ಪದವೋ ಮರಾಠಿ ಅಭಂಗವೋ ಎಂಬುದರ ಮೇಲೆ ಅರ್ಧ ತಾಸು ಹೋಯಿತು, ಚಹಾ ಎರಡು ಸಲ ಬಂತು. ಕೊನೆಗೆ ಬಾಯಿ ಮರಾಠಿಯಲ್ಲಿ ಒಂದೇ ಮಾತು ಕೇಳಿದರು: ರೇಷನ್ ಗೋಧಿಯಲ್ಲಿ ಕಲ್ಲು ಇಲ್ಲದವರು ಯಾರಾದರೂ ಇದ್ದೀರಾ?

ಮುಂದಿನ ಶುಕ್ರವಾರದಿಂದ ಹಳದಿ-ಕುಂಕು ಹೋಗಿ ಗೋಧಿ ಆರಿಸುವುದು ಬಂತು. ಮುತ್ತೈದೆಯರು, ವಿಧವೆಯರು, ಗಂಡ ಬಿಟ್ಟವರು, ಎಲ್ಲರೂ ತಂತಮ್ಮ ಮನೆಯ ಗೋಧಿ, ಮೊರ ತಂದು ಸುತ್ತ ಕೂರುವರು. ನಾನು ಅವ್ವನಿಗೆ ಡಾಕ್ಟರರ ವಿಷಯವನ್ನೂ ಹೇಳಿದೆ. ಅವಳು ಗೋಧಿ ಚೀಲ ಮಾತ್ರ ಕೈಗೆತ್ತಿಕೊಂಡಳು. "ನೀ ಹಸನ ಮಾಡಿದ್ದು ತಿಂದು ನನ್ನ ಹಲ್ಲು ಹೋಗ್ಯಾವ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ನನ್ನನ್ನು ಬೈದದ್ದು. ಖುಷಿಯಿಂದ ನಾನು ಮೊರ ಕಂಕುಳಿಗೆ ಸಿಕ್ಕಿಸಿಕೊಂಡೆ.

ಮೊದಲ ಸಲ ಅವಳು ಗೋಧಿ ಆರಿಸಿ ಎದ್ದು ಬಂದಳು, ಅಷ್ಟೆ. ಅದರ ಮುಂದಿನ ತಿಂಗಳು ಅಕ್ಕ ಅವಳ ಪಕ್ಕ ಮೊರ ಹಿಡಿದು ಕೂತು ಏನೇನೋ ಮಾತಾಡಿಸಿದರು. ನೋಡನೋಡುತ್ತ ಅವ್ವ ಎದ್ದು ಒಳಕೋಣೆಯತ್ತ ನಡೆದಳು. ಅವಳ ಮಾತನ್ನು ಡಾಕ್ಟರರಿಗೆ ಮರಾಠಿಯಲ್ಲಿ ಹೇಳಲು ನಾನೂ ಎದ್ದೆ. ಅಕ್ಕ ಬಾಗಿಲಲ್ಲೇ ತಡೆದರು. "ನೀವು ಬೇಡ. ಮಗಳ ಎದುರು ಕೆಲವು ಮಾತು ಬರೂದಿಲ್ಲ. ನಾನು ಹೇಳ್ತೇನೆ ಡಾಕ್ಟರಿಗೆ."

ಮೈಯೆಲ್ಲ ಉರಿಯಿತು. ನನ್ನ ಅವ್ವನಿಗೆ ನಾನು ಬೇಡವೆ? ವಾಪಸು ಬಂದು ಕೂತು, ಕಲ್ಲಿನ ಜೊತೆ ಒಳ್ಳೆಯ ಗೋಧಿಯನ್ನೂ ಎತ್ತಿ ಎಸೆಯತೊಡಗಿದೆ. ಬಾಯಿ ನನ್ನ ಮುಂದಿನ ಮೊರ ತಮ್ಮ ಕಡೆಗೆ ಎಳೆದುಕೊಂಡರು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅವ್ವನ ಕಣ್ಣು ಕೆಂಪಾಗಿತ್ತು. ಅಕ್ಕನ ಕಣ್ಣೂ ಅಷ್ಟೆ.

ಒಳಗೆ ಅವ್ವ ಏನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅಕ್ಕನ ಜೊತೆ ನೂರು ವಿಷಯ ಮಾತಾಡಿದ್ದೇನೆ. ಆ ಒಂದನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನನ್ನನ್ನು ಅಂದು ಹೊರಗೆ ಕೂರಿಸಿದ್ದಕ್ಕೆ ಅವರಿಗೆ ಎಷ್ಟು ಕೃತಜ್ಞಳೆಂದು ನಾನು ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಗುಳಿಗೆ ಶುರುವಾಯಿತು. ಅವ್ವ ಒಮ್ಮೆಲೇ ಎದ್ದು ಕುಣಿಯಲಿಲ್ಲ. ಮೊದಲು ನಿದ್ದೆ ಬಂತು, ಆಮೇಲೆ ಹಸಿವು, ಕೊನೆಗೆ ನನ್ನ ಅಡುಗೆಯಲ್ಲಿ ಹುಳುಕು ತೆಗೆಯುವ ಶಕ್ತಿ. ಆದರೂ ಕೆಲವು ದಿನ ಮೊದಲಿನಂತೆಯೇ ಕೂತುಬಿಡುತ್ತಿದ್ದಳು. ಅಂಥ ಒಂದು ದಿನ ಬಂದುಹೋದ ಅಣ್ಣ, ತನ್ನ ನಿರ್ಧಾರ ಬದಲಿಸಲಿಲ್ಲ.

ದೀಪಾವಳಿಯ ಹಿಂದಿನ ವಾರ ಅವನು ಗದಗಿನ ಟಿಕೇಟು ಹಿಡಿದುಕೊಂಡೇ ಬಂದ. ಅಂದು ತಿಂಗಳ ಮೊದಲ ಶುಕ್ರವಾರ. ಜಗಳಕ್ಕೆ ನಾನು ಸೆರಗು ಸಿಕ್ಕಿಸಿ ನಿಂತಿದ್ದೆ. ಅಷ್ಟರಲ್ಲಿ ಅವ್ವ ಒಳಗಿನಿಂದ ಗೋಧಿ ಚೀಲ ಹಿಡಿದು ಬಂದು, ಅವನ ಪಕ್ಕದಲ್ಲೇ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ ಹೊಂಟಿ?" ಎಂದ ಅಣ್ಣ.

"ಡಾಕ್ಟರ್ ಕಡೆ," ಎಂದಳು ಅವ್ವ. ಬಾಗಿಲು ತೆರೆದೇ ಇತ್ತು, ನಮ್ಮ ಚಾಳಿನ ನೆರೆಹೊರೆಯವರೆಲ್ಲ ಹೊರಗೆ ನಳದ ಹತ್ತಿರ ನಿಂತಿದ್ದರು; ಅವಳು ದನಿ ತಗ್ಗಿಸಲಿಲ್ಲ. "ನನಗ ಮನಸಿನ ಜಡ್ಡು ಐತಿ, ಔಷಧ ತಗೊಳ್ಳಾಕತ್ತೀನಿ. ಗದಗಿನಾಗ ನನ್ನ ಡಾಕ್ಟರ್ ಇಲ್ಲ. ಟಿಕೀಟ ವಾಪಸ್ ಮಾಡಿ ಬಾ, ಮಧ್ಯಾಹ್ನ ಊಟಕ್ಕ ಇರು."

ಜೊತೆಗೆ ಹೋಗಲು ನಾನು ಚಪ್ಪಲಿ ಹುಡುಕಿದೆ. ನೀ ಬ್ಯಾಡ, ನಿನ್ನ ಅಣ್ಣಗ ಚಹಾ ಮಾಡು ಎಂದು ಹೇಳಿ, ಅವಳೊಬ್ಬಳೇ ಮೆಟ್ಟಿಲಿಳಿದು ಹೋದಳು.